ಸಮಾಧಿ ಕಲ್ಲು ಮಾಡಿಸೋರಿಗೆ: ಕಪ್ಪು ಗ್ರಾನೈಟ್, ಕೆತ್ತಿದ ಅಕ್ಷರ, ಮತ್ತೆ ಅದರ ಮೇಲೆ ಏನು ಬರೆಸೋದು ಅನ್ನೋ ತಲೆನೋವು

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ. ಕಲ್ಲಿಗೆ ಐದಕ್ಕೆ ಐದು, ಕೆತ್ತನೆಗೆ ನಾಲ್ಕೂವರೆ, ಟೈಮಿಗೆ ಕೊಡೋ ವಿಷಯದಲ್ಲಿ ಎರಡು, ಅಂಗಡಿಯೋರು ತೋರಿಸೋ ರೆಡಿಮೇಡ್ ಸಾಲುಗಳ ಫೈಲಿಗೆ ಒಂದೇ ಒಂದು. ಬೆಂಗಳೂರಲ್ಲಿ ಹೊಸೂರು ರೋಡ್ ಸಿಮಿಟ್ರಿ ಕಡೆ ಹೋದ್ರೆ ಈ ಕೆಲಸ ಮಾಡೋರು ಸಿಗ್ತಾರೆ, ಅಮ್ಮನ ಕಲ್ಲು ಮಾಡ್ಸಿದ್ದು ಅಂಥ ಒಂದು ಅಂಗಡೀಲಿ. ಬೈಯೋದೂ ಇದೆ ಹೊಗಳೋದೂ ಇದೆ, ಅದಕ್ಕೆ ಅಂಗಡಿ ಹೆಸರು ಬೇಡ, ಈಗ ಇದೇ ಕೆಲಸಕ್ಕೆ ಓಡಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಅಷ್ಟೇ ಬರೀತಿರೋದು.

ಕಲ್ಲು ಯಾವ್ದು ಅಂತ ಜಾಸ್ತಿ ಯೋಚ್ನೆ ಮಾಡೋದೇ ಬೇಡ, ಚಾಮರಾಜನಗರದ ಕಪ್ಪು ಗ್ರಾನೈಟ್ ತಗೊಳ್ಳಿ. ಹೊರದೇಶದ ಸಿಮಿಟ್ರಿಗಳಿಗೂ ಎಕ್ಸ್‌ಪೋರ್ಟ್ ಆಗೋ ಕಲ್ಲು ಅದು, ಪಾಲಿಶ್ ಹಿಡಿಯುತ್ತೆ, ಅಕ್ಷರ ಎದ್ದು ಕಾಣುತ್ತೆ. ಸಾದರಹಳ್ಳಿ ಬೂದು ಕಲ್ಲು ಅಗ್ಗ, ಗಟ್ಟಿ, ಆದ್ರೆ ಸ್ವಲ್ಪ ದೂರ ನಿಂತ್ರೆ ಹೆಸರು ಓದಕ್ಕಾಗಲ್ಲ. ಇಳಕಲ್ ಕೆಂಪು ನೋಡಕ್ಕೆ ಚಂದ, ನಮ್ಮ ಚಿಕ್ಕಮ್ಮಂಗೆ ಅದೇ ಬೇಕಿತ್ತು, ಬಿಳಿ ಪೇಂಟ್ ತುಂಬಿಸಿದ್ರೂ ಕಪ್ಪಿನಷ್ಟು ಎದ್ದು ಕಾಣಲ್ಲ ಅಂತ ಅಂಗಡಿ ಭಾಯ್ ಅವ್ರೇ ಬೇಡ ಅಂದ್ರು. ನಮ್ದು ಕಲ್ಲು, ಕೆತ್ತನೆ, ಕೂರ್ಸೋದು ಎಲ್ಲಾ ಸೇರಿ 30 ಸಾವಿರದ ಆಸುಪಾಸು ಆಯ್ತು.

ಆತುರ ಮಾತ್ರ ಪಡ್ಬೇಡಿ. ಮಣ್ಣು ಕುಸಿದು ಕೂರ್ಬೇಕು, ಒಂದು ಮಳೆಗಾಲ ಕಳೀಲಿ. ಮಣ್ಣು ಹಸಿ ಇರುವಾಗ್ಲೇ ಕಲ್ಲು ನಿಲ್ಸಿದ್ರೆ ಆಮೇಲೆ ಒಂದು ಕಡೆ ವಾಲ್ಕೊಳ್ಳುತ್ತೆ, ಸಿಮಿಟ್ರೀಲಿ ಒಂದು ರೌಂಡ್ ಹಾಕಿ, ಬೇಕಾದಷ್ಟು ಉದಾಹರಣೆ ಇದೆ. ನಮ್ಮ ಕೇಸಲ್ಲಿ ಅಮ್ಮನ್ನ ಅಪ್ಪನ ಸಮಾಧೀಲೇ ಇಟ್ಟಿದ್ದು. ಬೆಂಗಳೂರಲ್ಲಿ ಈಗ ಹೊಸ ಜಾಗ ಸಿಗೋದು ಕಷ್ಟ, ಕೆಲವು ವರ್ಷ ಕಳೆದ್ಮೇಲೆ ಫ್ಯಾಮಿಲಿ ಸಮಾಧಿ ತೆಗೆದು ಅದರಲ್ಲೇ ಇಡ್ತಾರೆ. ಹಾಗಾಗಿ ಹಳೇ ಕಲ್ಲು ತೆಗೆಸಿ ಇಬ್ಬರ ಹೆಸರೂ ಇರೋ ಹೊಸದು ಬೇಕಿತ್ತು. ಭಾಯ್ ಕೇಳಿದ ಮೊದಲ್ನೇ ಪ್ರಶ್ನೆ "ಮೇಡಂ, ಕಾಲು ಪೂರ್ವಕ್ಕಾ?" ಅಂತ. ನಮ್ಮ ಕ್ರೈಸ್ತರಲ್ಲಿ ತಲೆ ಪಶ್ಚಿಮಕ್ಕೆ ಕಾಲು ಪೂರ್ವಕ್ಕೆ ಇಡೋ ಪದ್ಧತಿ ಹಳೇದು, ಕರ್ತ ಯೇಸು ಮತ್ತೆ ಬರುವಾಗ ಎದ್ದು ನಿಂತ್ರೆ ಮುಖ ಅವನ ಕಡೆ ಇರ್ಬೇಕು ಅಂತ. ದಿನಕ್ಕೆ ಐದು ಹೊತ್ತು ನಮಾಜ್ ಮಾಡೋ ಮನುಷ್ಯ ನಮ್ಮ ಪುನರುತ್ಥಾನಕ್ಕೆ ದಿಕ್ಕು ನೋಡಿ ಅಳತೆ ತಗೊಂಡ್ರು, ಅಲ್ಲೇ ಅರ್ಧ ನಂಬಿಕೆ ಬಂತು ನಂಗೆ.

ಈಗ ಆ ಫೈಲು. ಲ್ಯಾಮಿನೇಟ್ ಮಾಡಿದ ಹಾಳೆಗಳು, ಕನ್ನಡ ತಮಿಳು ಇಂಗ್ಲಿಷ್ ಬೇರೆ ಬೇರೆ, ಬೆರಳಿಟ್ಟು ತೋರ್ಸಿದ್ರೆ ಸಾಕು ಕೆತ್ತಿ ಕೊಡ್ತಾರೆ. ಕನ್ನಡದ ಹಾಳೇಲಿ ಮೊದಲ್ನೇದೇ "ಮರಳಿ ಬಾರದ ಲೋಕಕ್ಕೆ ತೆರಳಿದ ನಮ್ಮ ಪ್ರೀತಿಯ..." ಪೇಪರ್‌ನ ಶ್ರದ್ಧಾಂಜಲಿ ಕಾಲಂನಿಂದ ಎತ್ತಿರೋದು ಗ್ಯಾರಂಟಿ. ಮೇಲೆ ಶಿಲುಬೆ, ಕೆಳಗೆ ಬಾರದ ಲೋಕ! ಕಾಲು ಪೂರ್ವಕ್ಕೆ ಇಟ್ಟಿದ್ದು ಯಾಕೆ ಹಾಗಾದ್ರೆ? ನಾನು ಹೀಗಂದಿದ್ದೇ ತಡ ನಮ್ಮಣ್ಣ ಶುರು ಮಾಡ್ದ, "ದಾವೀದನೇ ಹೇಳಿದಾನಲ್ಲೇ, ಮಗು ಸತ್ತ ಮೇಲೆ, ಅದು ನನ್ನ ಹತ್ರ ವಾಪಸ್ ಬರಲ್ಲ ಅಂತ." ಹೇಳಿದಾನೆ ನಿಜ, ಬೈಬಲಿನ 2 ಸಮುವೇಲ 12:23, ಆದ್ರೆ ಅದೇ ಉಸಿರಲ್ಲಿ ನಾನೇ ಅದರ ಹತ್ರ ಹೋಗ್ತೀನಿ ಅಂತಾನೂ ಹೇಳಿದಾನೆ, ಅದೂ ಎದ್ದು ಸ್ನಾನ ಮಾಡಿ ದೇವರ ಮಂದಿರಕ್ಕೆ ಹೋಗಿ ಬಂದು ಊಟ ಮಾಡಿದ ಮೇಲೆ. ಅಣ್ಣ ಅರ್ಧ ಓದಿ ನಿಲ್ಲಿಸ್ತಾನೆ, ಸ್ಕೂಲಲ್ಲೂ ಹಂಗೇ.

ಕುವೈತಲ್ಲಿರೋ ತಂಗಿ ವಿಡಿಯೋ ಕಾಲಲ್ಲಿ "ಮತ್ತೆ ಸಿಗೋಣ ಅಮ್ಮ ಅಂತ ಅಷ್ಟೇ ಬರೆಸಿ, ಅದು ಸಾಕು" ಅಂದ್ಲು. ನಂಗೆ ಅದು ಇಷ್ಟ ಆಯ್ತು, ಆದ್ರೂ ಏನೋ ಕಮ್ಮಿ ಅನ್ನಿಸ್ತಿತ್ತು, ಬಸ್‌ಸ್ಟ್ಯಾಂಡಲ್ಲಿ ಹೇಳೋ ಹಾಗೆ. ಸಭೆಯ ಅಯ್ಯನವರನ್ನ, ಅಂದ್ರೆ ಪಾದ್ರಿಗಳನ್ನ, ಕೇಳಿದ್ವಿ. ಅವರು ಬೈಬಲಲ್ಲಿ ಅಪೊಸ್ತಲ ಪೌಲ ಥೆಸಲೊನೀಕ ಊರಿನ ಸಭೆಗೆ ಬರೆದ ಮೊದಲ್ನೇ ಪತ್ರದ 4ನೇ ಅಧ್ಯಾಯ ತೆಗೆದ್ರು. ಪೌಲ ಅದನ್ನ ಬರೆದಿದ್ದು ಕ್ರಿ.ಶ. 50ರ ಆಸುಪಾಸು, ಆ ಸಭೆಯವರ ಚಿಂತೆನೂ ನಮ್ಮಂಥದ್ದೇ, ಕರ್ತ ಬರೋದ್ರೊಳಗೆ ನಮ್ಮೋರು ಸತ್ತೋದ್ರಲ್ಲ, ಅವರಿಗೆ ಅದು ತಪ್ಪಿಹೋಯ್ತಾ ಅಂತ. ಪೌಲ ಅಳ್ಬೇಡಿ ಅನ್ನಲ್ಲ, ನಿರೀಕ್ಷೆ ಇಲ್ಲದೋರ ಥರ ಅಳ್ಬೇಡಿ ಅಂತಾನೆ. ಸತ್ತೋರು ಮೊದ್ಲು ಏಳ್ತಾರೆ, ಆಮೇಲೆ ಬದುಕಿರೋರು ಅವರ ಜೊತೇಲೇ, ಒಟ್ಟಿಗೆ. ಅಂದ್ರೆ ಅಮ್ಮನೇ ನಮಗಿಂತ ಮುಂಚೆ ಎದ್ದಿರ್ತಾಳೆ, ಬೆಳಗ್ಗೆ ಐದೂವರೆಗೆ ಹಾಲಿನೋನು ಬರೋ ಮುಂಚೆ ಏಳ್ತಿದ್ದೋಳು, ಅದರಲ್ಲಿ ಆಶ್ಚರ್ಯ ಏನಿಲ್ಲ.

ಆದ್ರೆ ಅಯ್ಯನವರು ಇನ್ನೊಂದು ಮಾತು ಸೇರಿಸಿದ್ರು, ಪೌಲನ ಮಾತು ಅಮ್ಮನ್ನ ನೋಡೋದ್ರಲ್ಲಿ ಮುಗಿಯಲ್ಲ, ಸದಾಕಾಲ ಕರ್ತನ ಜೊತೆ ಇರೋದ್ರಲ್ಲಿ ಮುಗಿಯುತ್ತೆ ಅಂತ. ಚಿಕ್ಕಮ್ಮ ಮುಖದ ಮೇಲೆ ಹೊಡೆದ ಹಾಗೆ "ಅಯ್ಯನೋರೇ, ಕರ್ತ ಆಮೇಲೆ, ನಂಗೆ ಮೊದ್ಲು ನಮ್ಮಕ್ಕ" ಅಂದ್ರು. ನಾನೂ ಅವರ ಪಾರ್ಟೀನೇ. ಇದು ಹೊಸ ಆಸೆ ಏನಲ್ಲ ಬಿಡಿ, 3ನೇ ಶತಮಾನದಲ್ಲಿ ಪಿಡುಗು ಬಂದು ಜನ ಸಾಯ್ತಿದ್ದಾಗ ಕಾರ್ತೇಜಿನ ಬಿಷಪ್ ಸಿಪ್ರಿಯನ್ ತನ್ನ ಸಭೆಗೆ ಇದನ್ನೇ ಬರೆದಿದ್ದ, ಪರಲೋಕದಲ್ಲಿ ನಮ್ಮ ಅಪ್ಪ ಅಮ್ಮ ಅಣ್ಣ ತಮ್ಮ ಮಕ್ಕಳು ದೊಡ್ಡ ಗುಂಪಾಗಿ ನಮ್ಮ ದಾರಿ ಕಾಯ್ತಿದಾರೆ ಅಂತ. ಯೇಸು ಸ್ವಾಮಿಗೆ ಸದ್ದುಕಾಯರು, ಅಂದ್ರೆ ಪುನರುತ್ಥಾನ ಇಲ್ಲ ಅನ್ನೋ ಯೆಹೂದಿ ಪಂಗಡದೋರು, ಕೇಳಿದ ಕೊಂಕು ಪ್ರಶ್ನೆ ಒಂದಿದೆಯಲ್ಲ, ಏಳು ಅಣ್ಣತಮ್ಮಂದಿರನ್ನ ಒಬ್ಬರಾದ ಮೇಲೆ ಒಬ್ಬರು ಮದುವೆಯಾದೋಳು ಅಲ್ಲಿ ಯಾರ ಹೆಂಡತಿ ಅಂತ, ಅದಕ್ಕೆ ಆತ ಅಲ್ಲಿ ಮದುವೆ ಮಾಡಿಕೊಳ್ಳೋದೂ ಇಲ್ಲ ಕೊಡೋದೂ ಇಲ್ಲ ಅಂದುಬಿಟ್ಟ. ಎಂ.ಜಿ. ರೋಡಲ್ಲಿ ಪ್ರತಿಮೆ ಇರೋ ನಮ್ಮ ಕಿಟೆಲ್ ಸಾಹೇಬ್ರೂ ಹೆಂಡತಿ ತೀರಿಕೊಂಡ ಮೇಲೆ ಅವರ ತಂಗಿಯನ್ನೇ ಮದುವೆಯಾದೋರು, ಅವರಿಗಂತೂ ಈ ಉತ್ತರದಿಂದ ದೊಡ್ಡ ನಿರಾಳ ಆಗಿರ್ಬೇಕು. ಅಪ್ಪ ಅಮ್ಮನ ವಿಷಯದಲ್ಲಿ ಅಂಥ ತೊಡಕಿಲ್ಲ, ಅಲ್ಲಿ ಹೋಗಿ ಮತ್ತೆ ಅದೇ ಟಿವಿ ರಿಮೋಟ್ ಜಗಳ ಇರಲ್ಲ ಅಷ್ಟೇ.

ಕೊನೆಗೆ ಯೋಹಾನ 11:25 ಫೈನಲ್ ಆಯ್ತು. "ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ", ಲಾಜರನ ಅಕ್ಕ ಮಾರ್ಥಳಿಗೆ ಹೇಳಿದ್ದು. ಅದರ ಕೆಳಗೆ ಅಪ್ಪ ಅಮ್ಮನ ಹೆಸರು, ಇಸವಿ, ತಂಗಿಗೋಸ್ಕರ ತಳದಲ್ಲಿ ಚಿಕ್ಕದಾಗಿ 1 ಥೆಸ 4:17 ಅಂತ ಬರೀ ಉಲ್ಲೇಖ, ಆ "ಒಟ್ಟಿಗೆ" ಅನ್ನೋ ವಚನದ್ದು. ಚಾರ್ಜು ಅಕ್ಷರಕ್ಕೆ ಇಷ್ಟು ಅಂತ, ಒತ್ತಕ್ಷರಕ್ಕೆ ಬೇರೆ ದುಡ್ಡಾ ಅಂತ ಕೇಳಿದ್ರೆ "ಒತ್ತು ಫ್ರೀ ಮೇಡಂ" ಅಂದ್ರು ಭಾಯ್. ಕನ್ನಡದೋರಿಗೆ ಇದು ಭಾರೀ ಲಾಭ.

ಕೆತ್ತನೆಗೆ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಲೇಸರ್ ಬೇಡ. ಕಲ್ಲಿನ ಮೇಲೆ ರಬ್ಬರ್ ಶೀಟ್ ಅಂಟಿಸ್ತಾರೆ, ಅದರಲ್ಲಿ ಅಕ್ಷರ ಕಟ್ ಆಗಿರುತ್ತೆ, ಹುಡುಗ ಒಬ್ಬ ಬ್ಲೇಡಿನ ತುದೀಲಿ ಅಕ್ಷರದ ಭಾಗ ಮಾತ್ರ ಎಬ್ಬಿಸಿ ತೆಗೀತಾನೆ, ಆಮೇಲೆ ಜೋರು ಗಾಳೀಲಿ ಮರಳು ಹೊಡೆದ್ರೆ ರಬ್ಬರ್ ಇಲ್ಲದ ಕಡೆ ಕಲ್ಲು ತೋಡುತ್ತೆ. ನಮ್ಮ ಅಕ್ಷರ ಹೆಚ್ಚಿನವು ದುಂಡಗಿರೋದ್ರಿಂದ ಎಷ್ಟೋ ಅಕ್ಷರದ ಹೊಟ್ಟೇಲಿ ಒಂದು ಪುಟ್ಟ ರಬ್ಬರ್ ತುಂಡು ಉಳ್ಕೊಬೇಕು. ಅದು ಬ್ಲೇಡಿಗೆ ಸಿಕ್ಕಿ ಎದ್ದು ಬಂತೋ, ಆ ಅಕ್ಷರ ಗುಂಡಿ ಆಗುತ್ತೆ. ಆ ಹುಡುಗ "ಪುನರುತ್ಥಾನ"ದ ತ ಕೆಳಗಿನ ಥ ಒತ್ತಿನ ಒಳಗಿನ ಚೂರೇ ಚೂರು ರಬ್ಬರನ್ನ ಉಗುರಲ್ಲಿ ಒತ್ತಿ ಹಿಡ್ಕೊಂಡು ಸುತ್ತ ಬಿಡಿಸಿದ್ದು ನೋಡಿ ನಾನು ಉಸಿರು ಬಿಗಿ ಹಿಡಿದಿದ್ದೆ. ನಾಲ್ಕೂವರೆ ಸ್ಟಾರ್ ಅವನಿಗೇ. ಉಳಿದ ಅರ್ಧ ಕಟ್ ಮಾಡಿದ್ದು ಡಿಟಿಪಿಗೆ, ವಾಟ್ಸಾಪಲ್ಲಿ ಕಳಿಸಿದ ಯೂನಿಕೋಡ್ ಕನ್ನಡವನ್ನ ಅವರ ಸಾಫ್ಟ್‌ವೇರಿಗೆ ಹಾಕಿದ್ರೆ ಒತ್ತೆಲ್ಲಾ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಲ್ಲುತ್ತೆ, ಅವರು ಅದನ್ನ ಗಮನಿಸೋದೇ ಇಲ್ಲ. ನುಡಿ ಸಾಫ್ಟ್‌ವೇರಲ್ಲಿ ಮತ್ತೆ ಟೈಪ್ ಮಾಡಿಸಿ, ಪ್ರಿಂಟ್ ತಗೊಂಡು, ಕನ್ನಡ ಓದೋರ ಕೈಲಿ ಓದಿಸಿ, ಆಮೇಲೆ ಸೈನ್ ಹಾಕಿ. ಕಲ್ಲಿನ ಮೇಲೆ ಬ್ಯಾಕ್‌ಸ್ಪೇಸ್ ಇಲ್ಲ.

ಲೇಸರ್ ಫೋಟೋ ಹಾಕಿಸ್ಬೇಕು ಅಂತ ಅಣ್ಣಂಗೆ ಆಸೆ ಇತ್ತು, ಅಕ್ಕಪಕ್ಕದ ಹಳೇ ಕಲ್ಲುಗಳ ಫೋಟೋ ಬಿಸಿಲು ಧೂಳಿಗೆ ಮಸುಕಾಗಿ ಮೂಗು ಬಾಯಿ ಗೊತ್ತಾಗದ ಹಾಗಾಗಿರೋದು ನೋಡಿ ಅವನೇ ಸುಮ್ಮನಾದ. ಕ್ಯೂಆರ್ ಕೋಡ್ ಕೂಡ ಇದೆ, ಕೇರಳದಲ್ಲಿ ಒಂದು ಕುಟುಂಬ ಮಗನ ಸಮಾಧಿ ಮೇಲೆ ಹಾಕಿಸಿದ್ದು ನ್ಯೂಸಲ್ಲಿ ಬಂದಿತ್ತಲ್ಲ, ಸ್ಕ್ಯಾನ್ ಮಾಡಿದ್ರೆ ವಿಡಿಯೋ ಬರುತ್ತೆ. ಬೇಕಾದೋರು ಹಾಕಿಸ್ಕೊಳ್ಳಿ, ಅಮ್ಮಂಗೆ ಸ್ಮಾರ್ಟ್‌ಫೋನ್ ಕಂಡ್ರೆ ಆಗ್ತಿರ್ಲಿಲ್ಲ.

ಟೈಮಿಂಗ್ ಮಾತ್ರ ದೇವರಿಗೇ ಪ್ರೀತಿ. ನವೆಂಬರ್ 2, ಸತ್ತೋರ ಹಬ್ಬದ ದಿನ ಇಡೀ ಸಿಮಿಟ್ರಿ ಹೂವು ಕ್ಯಾಂಡಲ್‌ಲಿ ತುಂಬಿರುತ್ತೆ, ಅದರೊಳಗೆ ಗ್ಯಾರಂಟಿ ಅಂತ ಅಡ್ವಾನ್ಸ್ ಇಸ್ಕೊಂಡೋರು ಕಲ್ಲು ತಂದು ನಿಲ್ಸಿದ್ದು ಅಡ್ವೆಂಟ್, ಅಂದ್ರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ, ಶುರುವಾದ ಮೇಲೆ. ಫೋನ್ ಮಾಡಿದಾಗೆಲ್ಲ "ಜಿಗಣಿಯಿಂದ ಕಲ್ಲು ಬರ್ತಾ ಇದೆ ಮೇಡಂ". ಎಲ್ಲರೂ ಅಕ್ಟೋಬರಲ್ಲೇ ಆರ್ಡರ್ ಕೊಡ್ತಾರೆ, ನೀವು ಜುಲೈ ಆಗಸ್ಟಲ್ಲೇ ಕೊಟ್ಬಿಡಿ. ಸಿಮಿಟ್ರಿ ಆಫೀಸಿಂದ ಪರ್ಮಿಷನ್ ಲೆಟರ್ ಮೊದ್ಲೇ ತಗೊಳ್ಳಿ, ಪೂರ್ತಿ ದುಡ್ಡು ಕೂರ್ಸಿದ ಮೇಲೇ ಕೊಡಿ, ತೊಳೆಯೋಕೆ ಆಸಿಡ್ ಹಾಕ್ಬೇಡಿ, ಬರೀ ನೀರು ಬಟ್ಟೆ ಸಾಕು. ಮತ್ತೆ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಡ್ಸಿ, ನಾವು ಬಿಡ್ಸಿದೀವಿ, ಯಾರದು ಅಂತ ಅಣ್ಣಂಗೂ ನಂಗೂ ಇನ್ನೂ ಇತ್ಯರ್ಥ ಆಗಿಲ್ಲ.