ಚಹಾಕ್ಕೆ ಮುಂಚಿನ ಅರ್ಧ ಗಂಟೆ: ಸೆಮಾಗ್ಲುಟೈಡ್ ಮಾತ್ರೆ, ಏಳು ತಿಂಗಳ ಅನುಭವ

ವಿಜಯಪುರದಲ್ಲಿ ನನ್ನದು ಒಣದ್ರಾಕ್ಷಿ ವ್ಯಾಪಾರ. ಹನ್ನೊಂದು ವರ್ಷದಿಂದ ಶುಗರ್ ಕೂಡ ಇದೆ. ನಗುವವರು ನಗಬಹುದು, ಅಂಗಡಿ ಹುಡುಗರು ದಿನಾ ನಗುತ್ತಾರೆ. ಹಳೆ ಗುಳಿಗೆಗೆ ಶುಗರ್ ಬಗ್ಗಲಿಲ್ಲ, ತೂಕ 94 ಕಿಲೋ ಮುಟ್ಟಿತು. ಡಾಕ್ಟರು ಈ ಮಾತ್ರೆ ಬರೆದುಕೊಟ್ಟರು. ಮೊದಲ ತಿಂಗಳು 3 ಮಿಲಿಗ್ರಾಂ, ಆಮೇಲೆ 7.

ಬೆಳಿಗ್ಗೆ ಎದ್ದ ಕೂಡಲೇ ಬರಿ ಹೊಟ್ಟೆಯಲ್ಲಿ ನುಂಗಬೇಕು. ನೀರು 120 ಮಿಲಿ ದಾಟಬಾರದು, ನಮ್ಮ ಮನೆಯ ಸ್ಟೀಲ್ ಲೋಟದಲ್ಲಿ ಅರ್ಧ. ಆಮೇಲೆ ಅರ್ಧ ಗಂಟೆ ಏನೂ ಬಾಯಿಗೆ ಹಾಕುವಂತಿಲ್ಲ, ಬೇರೆ ಗುಳಿಗೆಯೂ ಇಲ್ಲ. ಅಡುಗೆಮನೆಯಲ್ಲಿ ಶುಂಠಿ ಕುಟ್ಟುವ ಸದ್ದು ಕೇಳುತ್ತಿರುವಾಗ ಅರ್ಧ ಗಂಟೆ ಎಷ್ಟು ಉದ್ದ ಅಂತ ಚಹಾ ಕುಡಿಯುವವರಿಗೇ ಗೊತ್ತು. ಮೆಡಿಕಲ್ ಅಂಗಡಿಯೊಂದರ ಹುಡುಗ "ಹಾಲಿನ ಜೋಡಿನೂ ತಗೋಬಹುದ್ರಿ" ಅಂದಿದ್ದ. ನಂಬಿ ಎರಡು ವಾರ ಹಾಗೇ ಮಾಡಿದೆ. ಸುಮ್ನೆ ದುಡ್ಡು ಹೋಯಿತು. ಹೊಟ್ಟೆ ಈ ಔಷಧವನ್ನು ಅರಗಿಸಿ ಹಾಕುತ್ತದೆ. ಅದಕ್ಕೇ ಅದನ್ನು ಕಾಯಲು ಮಾತ್ರೆಯಲ್ಲಿ ಇನ್ನೊಂದು ಪದಾರ್ಥ ಸೇರಿಸಿದ್ದಾರೆ. ಅಷ್ಟಾದರೂ ನೂರರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ ಹೆಚ್ಚು. ಹೊಟ್ಟೆಯಲ್ಲಿ ಹಾಲಿದ್ದರೆ ಅದಕ್ಕೂ ಕುತ್ತು. ಪಟ್ಟಿಯಿಂದ ಬಿಡಿಸಿ ವಾರದ ಡಬ್ಬಿಗೆ ಹಾಕಿಟ್ಟಿದ್ದಕ್ಕೂ ಡಾಕ್ಟರು ಬೈದರು. ಮಾತ್ರೆಗೆ ತೇವ ತಾಗಬಾರದಂತೆ.

ಕೆಲಸ ಮಾಡುತ್ತದಾ? ಮಾಡುತ್ತದೆ. ನಾಲ್ಕು ರೊಟ್ಟಿ ಎರಡಕ್ಕೆ ಇಳಿದವು, ತೂಕ 89ಕ್ಕೆ ಬಂತು. ಉಂಡಾಗ ನಮ್ಮ ಕರುಳಿನಲ್ಲಿ ಜಿಎಲ್‌ಪಿ-1 ಅನ್ನುವ ಹಾರ್ಮೋನು ಹೊರಡುತ್ತದೆ. ಇನ್ಸುಲಿನ್ ಬಿಡಿಸುವುದೂ ಅದೇ, "ಸಾಕು" ಅಂತ ಮಿದುಳಿಗೆ ಹೇಳುವುದೂ ಅದೇ. ಆದರೆ ಎರಡು ನಿಮಿಷದಲ್ಲಿ ಅರ್ಧ ಕರಗಿ ಹೋಗುತ್ತದೆ. ಮಾತ್ರೆಯಲ್ಲಿರುವುದು ಅದರ ಗಟ್ಟಿಮುಟ್ಟಾದ ತಮ್ಮ, ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಆ ಹಾರ್ಮೋನನ್ನು ಬೆಳಕಿಗೆ ತಂದವರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೆನ್ಸ್ ಯೂಲ್ ಹೋಲ್ಸ್ಟ್ ಒಬ್ಬರು. ಸರ್ಕಾರಿ ವಿಶ್ವವಿದ್ಯಾಲಯ, ಶುರುವಾಗಿದ್ದು 1479ರಲ್ಲಿ. ನಮ್ಮೂರಿಗೆ ಆದಿಲ್‌ಶಾಹಿ ಬರುವುದಕ್ಕೂ ಮುಂಚೆ!

ಕೆಟ್ಟದ್ದನ್ನೂ ಹೇಳಬೇಕಲ್ವಾ. ಮೊದಲ ತಿಂಗಳು ಹೊಟ್ಟೆ ತೊಳಸುತ್ತಿತ್ತು, ಹುಳಿ ತೇಗು ಬೇರೆ. ಎಳ್ಳ ಅಮಾವಾಸ್ಯೆಗೆ ಅಣ್ಣನ ಹೊಲಕ್ಕೆ ಹೋಗಿದ್ದೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡಬು. ಅರ್ಧಕ್ಕೇ ಹೊಟ್ಟೆ ತುಂಬಿತು. "ಹೊಲಕ್ಕ ಬಂದು ಇಷ್ಟ ಉಂಡ್ರ ಹೆಂಗ?" ಅಂತ ವೈನಿ ಮತ್ತೆರಡು ಕಡಬು ಬಡಿಸಿದರು. ಒಲ್ಲೆ ಅನ್ನಲಾಗಲಿಲ್ಲ. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ ಅಂತ ವೈನಿಗೆ ಹೇಗೆ ಹೇಳಲಿ? ಸಂಜೆ ಬದುವಿನ ಮೇಲೆ ಕೂತು ಎಲ್ಲಾ ವಾಂತಿ.

ಡಾಕ್ಟರು ನಡೆಯಿರಿ ಅಂದಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತೂಕ ಇಳಿಯುತ್ತಿದೆ, ಇನ್ನೇಕೆ ನಡಿಗೆ? ನರ್ಸಿಂಗ್ ಓದುವ ಮಗಳು ಅದೇ ಕೋಪನ್‌ಹೇಗನ್‌ನವರ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಮೊದಲ ಫಲಿತಾಂಶ ಪ್ರಕಟವಾಗಿದ್ದು 2021ರಲ್ಲಿ. ದಪ್ಪಗಿದ್ದ 195 ಜನ ಎಂಟು ವಾರ ಕಟ್ಟುನಿಟ್ಟಿನ ಊಟ ಮಾಡಿ ಸರಾಸರಿ 13 ಕಿಲೋ ಇಳಿದರು. ಆಮೇಲೆ ಒಂದು ವರ್ಷ ಕೆಲವರಿಗೆ ಇದೇ ಜಾತಿಯ ಲಿರಾಗ್ಲುಟೈಡ್ ಇಂಜೆಕ್ಷನ್, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಔಷಧ ನಿಲ್ಲಿಸಿ ಮತ್ತೊಂದು ವರ್ಷ ಕಳೆದಾಗ, ಬರೀ ಔಷಧ ನಂಬಿದವರಿಗೆ ತೂಕ ಜಾಸ್ತಿ ಮರಳಿತ್ತು. ವ್ಯಾಯಾಮ ಮಾಡಿದವರು ಹೆಚ್ಚು ಉಳಿಸಿಕೊಂಡಿದ್ದರು. ಅವರಿಗೆ ನನ್ನಂತೆ ಶುಗರ್ ಇರಲಿಲ್ಲ, ಅದು ಬೇರೆ ಮಾತು. ಆದರೂ ನನಗೆ ನಾಟಿತು, ಯಾಕೆಂದರೆ ಒಂದು ಮಾತ್ರೆಗೆ ಮುನ್ನೂರರ ಮೇಲೆ ಕೊಟ್ಟಿದ್ದೇನೆ. ಜೀವನಪೂರ್ತಿ ಕೊಡಲಾದೀತೇ?

ಈಗ ಮಾತ್ರೆ ನುಂಗಿ, ಚಪ್ಪಲಿ ಮೆಟ್ಟಿ, ಗೋಳಗುಮ್ಮಟದ ಕಡೆ ಹೊರಟುಬಿಡುತ್ತೇನೆ. ಶುಂಠಿಯ ಸದ್ದು ಅಲ್ಲಿಗೆ ಕೇಳುವುದಿಲ್ಲ.

ಐದಕ್ಕೆ ಮೂರೂವರೆ. ಒಂದು ಅಂಕ ಬೆಲೆಗೆ ಕಳೆದೆ, ಅರ್ಧ ಆ ಕಡಬಿಗೆ.