ಸ್ಪಾಲ್ಟೆಡ್ ಮಾವಿನ ಪೆನ್ನು ಕಡೆಯಲು ಮಿನಿ ಲೇತ್: ಯಂತ್ರ ಇರಲಿ, ಜೊತೆಗೆ ಬರುವ ಮ್ಯಾಂಡ್ರೆಲ್ ಬೇಡ

ಕಟ್ಟಿಗೆಯನ್ನು ತಿರುಗಿಸಿ ಕಡೆಯುವ ಈ ಮಿನಿ ಲೇತ್‌ನ ಪೆಟ್ಟಿಗೆಯಲ್ಲಿ ಯಂತ್ರದ ಜೊತೆಗೇ ಬರುವ ಪೆನ್ ಮ್ಯಾಂಡ್ರೆಲ್ ಕೆಲಸಕ್ಕೆ ಬಾರದ ವಸ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪೆನ್ನು ಕಡೆಯುವ ಆಸೆಯಿಂದ ಯಂತ್ರ ಕೊಳ್ಳುವವರಲ್ಲಿ ಹೆಚ್ಚಿನವರು ಆ ಉಚಿತ ಮ್ಯಾಂಡ್ರೆಲ್ ನೋಡಿಯೇ ಮನಸ್ಸು ಮಾಡುತ್ತಾರೆ. ಮೋಟಾರಿನ ಶಕ್ತಿ, ಹಾಸಿನ ಉದ್ದ, ತೂಕ ಇವೆಲ್ಲ ಮಾರಾಟದ ಪುಟದಲ್ಲೇ ಸಿಗುತ್ತವೆಯಾದ್ದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಧಾರವಾಡದ ನನ್ನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಈ ಯಂತ್ರ ಹಲವು ಮಳೆಗಾಲಗಳನ್ನು ಕಂಡಿದೆ. ಅದರ ಮೇಲೆ ನಾನು ಕಡೆಯುವುದು ಬಹುಪಾಲು ಪೆನ್ನುಗಳನ್ನೇ, ಅದರಲ್ಲಿಯೂ ಶಿಲೀಂಧ್ರ ಹತ್ತಿ ಕಪ್ಪು ಗೆರೆ ಮೂಡಿದ ಮಾವು ಮತ್ತು ಹುಣಸೆಯ ಕಟ್ಟಿಗೆಯ ಪೆನ್ನುಗಳನ್ನು; ಇಂಥ ಕಟ್ಟಿಗೆಗೆ ಸ್ಪಾಲ್ಟೆಡ್ ಎನ್ನುತ್ತಾರೆ. ಆದ್ದರಿಂದ ಬಟ್ಟಲು, ಬುಗುರಿ, ಮೇಜಿನ ಕಾಲು ಕಡೆಯುವವರಿಗೆ ಈ ಬರಹದಿಂದ ಹೆಚ್ಚಿನ ಪ್ರಯೋಜನವಾಗಲಾರದು.

ಮ್ಯಾಂಡ್ರೆಲ್ ಎಂದರೆ ಒಂದು ತೆಳುವಾದ ಉಕ್ಕಿನ ಸರಳು. ಪೆನ್ನಿನ ಎರಡೂ ತುಂಡುಗಳನ್ನು ಅದಕ್ಕೆ ಪೋಣಿಸಿ, ನಡುನಡುವೆ ಬುಷಿಂಗ್ (ಪೆನ್ನಿನ ತುದಿಯ ದಪ್ಪದ ಅಳತೆ ತೋರಿಸುವ ಲೋಹದ ಬಳೆ) ಇಟ್ಟು, ತುದಿಯಲ್ಲಿ ನಟ್ಟು ಬಿಗಿದು, ಟೇಲ್‌ಸ್ಟಾಕನ್ನು, ಅಂದರೆ ಯಂತ್ರದ ಸರಿಯುವ ಹಿಂದಿನ ತುದಿಯನ್ನು, ಮುಂದೆ ತಂದು ಒತ್ತಿ ಹಿಡಿಯಬೇಕು. ನಟ್ಟು ಸ್ವಲ್ಪ ಹೆಚ್ಚು ಬಿಗಿಯಾದರೂ, ಟೇಲ್‌ಸ್ಟಾಕ್ ಒಂದು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಸರಳು ನಡುವಿನಲ್ಲಿ ಬಿಲ್ಲಾಗುತ್ತದೆ; ತಿರುಗುವಾಗ ಕಣ್ಣಿಗೆ ಕಾಣದಂತೆ ಹೊಯ್ದಾಡುತ್ತದೆ. ಅದರ ಪರಿಣಾಮ ತಿಳಿಯುವುದು ಪೆನ್ನು ಜೋಡಿಸಿದ ಮೇಲೆ. ಸ್ಲಿಮ್‌ಲೈನ್ ಎಂಬ ಸಾಮಾನ್ಯ ತೆಳು ಪೆನ್ನಿನಲ್ಲಿ ಕಟ್ಟಿಗೆಯೊಳಗೆ ಕೂರುವ ಹಿತ್ತಾಳೆಯ ಕೊಳವೆ 7 ಮಿ.ಮೀ. ದಪ್ಪ, ಬುಷಿಂಗ್ ಸುಮಾರು 8.4 ಮಿ.ಮೀ.; ಅಂದರೆ ತುದಿಯಲ್ಲಿ ಕೊಳವೆಯ ಸುತ್ತ ಉಳಿಯುವ ಕಟ್ಟಿಗೆಯ ಗೋಡೆ 0.7 ಮಿ.ಮೀ. ಮಾತ್ರ. ಇಷ್ಟು ತೆಳುವಾದ ಗೋಡೆಯಲ್ಲಿ ಸರಳಿನ ಹೊಯ್ದಾಟ 0.2 ಮಿ.ಮೀ. ಆದರೂ ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದದಂತೆ ತೆಳು. ಎರಡು ತುಂಡುಗಳ ನಡುವಿನ ಲೋಹದ ಉಂಗುರದ ಸುತ್ತ ಬೆರಳಾಡಿಸಿದರೆ ಒಂದು ಕಡೆ ಕಟ್ಟಿಗೆ ಉಬ್ಬಿರುತ್ತದೆ, ಎದುರು ಕಡೆ ಲೋಹವೇ ಉಗುರಿಗೆ ಸಿಗುತ್ತದೆ. ಇದರೊಂದಿಗೆ, ಜೊತೆಗೆ ಬಂದ ಲೈವ್ ಸೆಂಟರಿನ (ಟೇಲ್‌ಸ್ಟಾಕಿನಲ್ಲಿ ಕೂತು ತುಂಡಿನೊಂದಿಗೇ ತಿರುಗುವ ಆಧಾರ) ಮೊನೆಯೂ 60 ಡಿಗ್ರಿಯದಲ್ಲ. ಮ್ಯಾಂಡ್ರೆಲ್ ತುದಿಯ ಗುಳಿ 60 ಡಿಗ್ರಿಯದಾದ್ದರಿಂದ ಎರಡೂ ಒಂದಕ್ಕೊಂದು ಕೂಡುವುದೇ ಇಲ್ಲ.

ತೇಗವನ್ನೋ ಬೀಟೆಯನ್ನೋ ಕಡೆಯುವವರು ಈ ದೋಷವನ್ನು ಗಮನಿಸದೆಯೇ ವರ್ಷ ಕಳೆಯಬಹುದು. ಗಟ್ಟಿ ಕಟ್ಟಿಗೆ ಸ್ವಲ್ಪ ಹೊಯ್ದಾಟವನ್ನು ತಾಳಿಕೊಳ್ಳುತ್ತದೆ. ಸ್ಪಾಲ್ಟೆಡ್ ಕಟ್ಟಿಗೆ ತಾಳಿಕೊಳ್ಳುವುದಿಲ್ಲ, ಅದಕ್ಕೆ ಕಾರಣವೂ ಇದೆ. ಬಿದ್ದ ಮರದ ದಿಮ್ಮಿಯಲ್ಲಿ ಒಂದಕ್ಕಿಂತ ಹೆಚ್ಚು ಶಿಲೀಂಧ್ರಗಳು ಬೇರೆ ಬೇರೆ ಕಡೆಯಿಂದ ಹೊಕ್ಕು ಹಬ್ಬುತ್ತವೆ. ಟ್ರಾಮಿಟೀಸ್ ವರ್ಸಿಕಲರ್‌ನಂಥವು ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ತಿಂದು ಅದನ್ನು ಬಿಳಿಚಿಸುತ್ತವೆ. ಕ್ಸೈಲೇರಿಯಾದಂಥವು ತಮ್ಮ ಗಡಿಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಸುರಿದು ಕಪ್ಪು ಗೋಡೆ ಕಟ್ಟಿಕೊಳ್ಳುತ್ತವೆ. ನಾವು ಮೆಚ್ಚುವ ಆ ಕಪ್ಪು ಗೆರೆ ಎರಡು ಶಿಲೀಂಧ್ರಗಳ ನಡುವಿನ ಬಾಂದು. ಹೀಗಾಗಿ ಒಂದೇ ತುಂಡಿನಲ್ಲಿ ಗೆರೆ ಗಟ್ಟಿಯಾಗಿಯೂ ಅದರ ಪಕ್ಕದ ಬಿಳಿ ಭಾಗ ಲಡ್ಡು ಹಿಡಿದು ಮೆತ್ತಗೂ ಇರುತ್ತದೆ. ಹೊಯ್ದಾಡುವ ಮ್ಯಾಂಡ್ರೆಲ್ ಮೇಲೆ ಉಳಿ ಗಟ್ಟಿ ಭಾಗದ ಮೇಲಿಂದ ಜಿಗಿದು ಮೆತ್ತಗಿನ ಭಾಗದಲ್ಲಿ ಇಳಿಯುತ್ತದೆ, ಅಲ್ಲಿ ಎಳೆಗಳನ್ನು ಕಿತ್ತು ತೆಗೆಯುತ್ತದೆ. ಕಿತ್ತ ಗುಳಿಯನ್ನು ನುಣುಪು ಮಾಡಲು ಹೋದರೆ 0.7 ಮಿ.ಮೀ. ಗೋಡೆಯಲ್ಲಿ ಜಾಗವೇ ಇಲ್ಲ, ಹಿತ್ತಾಳೆ ಹೊರಗಿಣುಕುತ್ತದೆ.

ಇಂಥ ಕಟ್ಟಿಗೆಯ ಮೇಲೆ ಇಷ್ಟು ಮೋಹವೇಕೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟೇ: ಇದು ನಮ್ಮ ಊರಿನಲ್ಲಿ ಪುಕ್ಕಟೆ ಸಿಗುತ್ತದೆ. ಯುರೋಪು, ಅಮೆರಿಕಗಳಲ್ಲಿ ಬೀಚ್, ಮೇಪಲ್, ಬರ್ಚ್ ಮರಗಳ ಸ್ಪಾಲ್ಟೆಡ್ ತುಂಡುಗಳಿಗೆ ದುಡ್ಡು ಕೊಡಬೇಕು. ಧಾರವಾಡದ ಸುತ್ತ ಆಪೂಸ್ ಮಾವಿನ ತೋಟಗಳಿವೆ. ಗಾಳಿಗೆ ಬಿದ್ದ, ಮುಪ್ಪಾಗಿ ಕಡಿದ ಮರಗಳ ಕೊಂಬೆಗಳು ಒಲೆಗೆ ಹೋಗುತ್ತವೆ. ಮಾವಿನ ಕಟ್ಟಿಗೆಯನ್ನು ಮಳೆಗಾಲದಲ್ಲಿ ನೆಲಕ್ಕೆ ತಾಗಿಸಿ ಬಿಟ್ಟರೆ ಶಿಲೀಂಧ್ರವನ್ನು ಯಾರೂ ಕರೆಯಬೇಕಾಗಿಲ್ಲ. ಗದಗ, ಹಾವೇರಿ ಕಡೆಯ ಹುಣಸೆಯ ಕೆಚ್ಚು ಕಪ್ಪುಗಂದು ಮತ್ತು ಕಿರಿದು, ಹೊರಗಿನ ಬಿಳಿ ಕಟ್ಟಿಗೆ ಅಗಲ. ಗೆರೆ ಮೂಡುವುದು ಆ ಬಿಳಿ ಭಾಗದಲ್ಲಿ. ಹುಣಸೆ ಗಟ್ಟಿ ಜಾತಿಯಾದ್ದರಿಂದ ಶಿಲೀಂಧ್ರ ಹತ್ತಿದ ಮೇಲೂ ಉಳಿಗೆ ಮರ್ಯಾದೆ ಕೊಡುತ್ತದೆ. ಹೊಸಬರು ಅದರಿಂದಲೇ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ.

ತುಂಡುಗಳನ್ನು ಸಿದ್ಧಮಾಡುವ ಕೆಲಸದಲ್ಲಿ ಯಂತ್ರದ ಪಾತ್ರವಿಲ್ಲ, ಆದರೆ ಯಂತ್ರದ ಮೇಲೆ ಏನಾಗುತ್ತದೆ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ. ಕಟ್ಟಿಗೆಯ ತೇವ ಶೇ. 30ರ ಆಸುಪಾಸಿನಲ್ಲೋ ಅದಕ್ಕಿಂತ ಹೆಚ್ಚೋ ಇದ್ದಾಗ ಶಿಲೀಂಧ್ರ ಚುರುಕಾಗಿ ಬೆಳೆಯುತ್ತದೆ, ಶೇ. 20ಕ್ಕಿಂತ ಕೆಳಗಿಳಿದರೆ ನಿಲ್ಲುತ್ತದೆ. ಜೂನ್ ತಿಂಗಳಲ್ಲಿ ಕೊಂಬೆಗಳನ್ನು ಕೊಯ್ದು, ಒದ್ದೆ ಗೋಣಿಚೀಲ ಹೊದಿಸಿ, ಹಿತ್ತಲಿನ ನೆರಳಿನಲ್ಲಿ ಒಟ್ಟಿಡುತ್ತೇನೆ. ಆಗಾಗ ಒಂದು ತುದಿಯನ್ನು ಕೊಯ್ದು ನೋಡಬೇಕು. ಗೆರೆಗಳು ಕಾಣಿಸಿಯೂ ಉಗುರು ಒತ್ತಿದರೆ ಕಟ್ಟಿಗೆ ತಗ್ಗದ ಹಂತದಲ್ಲಿಯೇ ಹೊರಗೆ ತೆಗೆದು 19 ಮಿ.ಮೀ. ಚೌಕದ ತುಂಡುಗಳಾಗಿ ಸೀಳಿ, ಗಾಳಿಯಾಡುವ ಅಟ್ಟದ ಮೇಲೆ ಹರಡಬೇಕು. ಮಳೆ ಮುಗಿದು ಚಳಿಯ ಒಣಗಾಳಿ ಬೀಸತೊಡಗಿದ ಮೇಲೆ ಅವು ಬೇಗ ಒಣಗುತ್ತವೆ. ಒಣಗಿದವನ್ನು ಪೇಢೆಯ ಖಾಲಿ ಡಬ್ಬಿಗಳಲ್ಲಿ, ಯಾವ ತೋಟದ ಯಾವ ಮರ ಎಂಬ ಚೀಟಿಯೊಂದಿಗೆ ಇಡುತ್ತೇನೆ. ಧಾರವಾಡದ ಮನೆಗಳಲ್ಲಿ ಆ ಡಬ್ಬಿಗಳಿಗೆ ಕೊರತೆಯಿಲ್ಲ.

ರಂಧ್ರ ಕೊರೆಯುವುದನ್ನು ಈ ಲೇತ್ ಚೆನ್ನಾಗಿ ಮಾಡುತ್ತದೆ. ಟೇಲ್‌ಸ್ಟಾಕಿಗೆ ಬಿಟ್ ಹಿಡಿಯುವ ಡ್ರಿಲ್ ಚಕ್ ಸಿಕ್ಕಿಸಿ, ವೇಗವನ್ನು ಅತಿ ಕಡಿಮೆಗೆ ಇಳಿಸಿ, 7 ಮಿ.ಮೀ. ಬಿಟ್ ಅನ್ನು ಮತ್ತೆ ಮತ್ತೆ ಹೊರಗೆಳೆದು ಹೊಟ್ಟು ತೆಗೆಯುತ್ತ ಹೋದರೆ ರಂಧ್ರ ನೇರವಾಗಿ ಬರುತ್ತದೆ. ಬಿಟ್ ಹೊರಬೀಳುವ ತುದಿ ಸಿಡಿಯುವುದು ಸ್ಪಾಲ್ಟೆಡ್ ಕಟ್ಟಿಗೆಯ ಜಾತಿಗುಣ. ತುಂಡನ್ನು ಬೇಕಾದದ್ದಕ್ಕಿಂತ ಉದ್ದವಿಟ್ಟು, ಸಿಡಿಯುವ ತುದಿಯನ್ನು ಆಮೇಲೆ ಕೊಯ್ದು ಹಾಕಿದರೆ ತೊಂದರೆಯಿಲ್ಲ. ಕೊಳವೆಯನ್ನು ಎಪಾಕ್ಸಿಯಿಂದ ಅಂಟಿಸಿ ಒಂದು ರಾತ್ರಿ ಬಿಡುವುದು ಸೂಕ್ತ.

ಬೆಳಿಗ್ಗೆ ಎದ್ದು ಚಹಾ ಮುಗಿಸಿ ಶೆಡ್ಡಿನ ಬಾಗಿಲು ತೆಗೆದರೆ ಮೊದಲ ಕೆಲಸ ಉಳಿ ಮಸೆಯುವುದು. ಓರೆ ಅಂಚಿನ ಸ್ಕ್ಯೂ ಉಳಿಯನ್ನು ಕಲ್ಲಿನ ಮೇಲೆ ಆಡಿಸಿ, ಮುಂಗೈಯ ಕೂದಲು ಬೋಳಿಸುವಷ್ಟು ಹರಿತವಾಗುವವರೆಗೆ ನಾನು ಯಂತ್ರದ ಸ್ವಿಚ್ಚನ್ನು ಮುಟ್ಟುವುದಿಲ್ಲ. ಬಳಿಕ ಹಾಸಿನ ಮೇಲೆ ಒಂದು ಹನಿ ಎಣ್ಣೆ, ಉಳಿ ಆನಿಸುವ ಟೂಲ್‌ರೆಸ್ಟಿನ ಅಂಚಿಗೆ ಮೇಣದಬತ್ತಿಯ ಒಂದು ಎಳೆತ. ಚೌಕ ತುಂಡು ದುಂಡಗಾಗುವಾಗಿನ ಟಪಟಪ ಸದ್ದು ಕ್ರಮೇಣ ಅಡಗಿ ಸೊಯ್ಯೆನ್ನುವ ಒಂದೇ ಸ್ವರವಾಗುತ್ತದೆ. ಆಗ ಯಂತ್ರ ನಿಲ್ಲಿಸಿ, ತೆಳುವಾದ ಸೂಪರ್ ಗ್ಲೂವನ್ನು ತುಂಡಿನ ಉದ್ದಕ್ಕೂ ಹನಿಸುತ್ತೇನೆ. ಮೆತ್ತಗಿನ ಬಿಳಿ ಭಾಗ ಅದನ್ನು ಗಟಗಟನೆ ಕುಡಿಯುತ್ತದೆ, ಕಪ್ಪು ಗೆರೆ ಮುಟ್ಟುವುದೇ ಇಲ್ಲ. ಗಟ್ಟಿಯಾದ ಮೇಲೆ ಮತ್ತೊಂದು ಪದರ ಕಡೆದರೆ ಗೆರೆ ಜಾಗ ಬದಲಿಸಿರುತ್ತದೆ: ಮೇಲ್ಮೈಯಲ್ಲಿ ಒಂದು ಚುಕ್ಕೆಯಾಗಿದ್ದದ್ದು ಅರ್ಧ ಮಿಲಿಮೀಟರ್ ಕೆಳಗೆ ಉಂಗುರವಾಗಿರುತ್ತದೆ, ಇನ್ನೂ ಕೆಳಗೆ ಎರಡು ಕವಲಾಗಿರುತ್ತದೆ. ಗೆರೆ ಕಟ್ಟಿಗೆಯೊಳಗೆ ಹಾಳೆಯಂತೆ ಹಬ್ಬಿರುವುದರಿಂದ ನಾವು ನೋಡುವುದು ಅದರ ಒಂದು ಕೊಯ್ತವನ್ನು ಮಾತ್ರ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬುಷಿಂಗ್ ಅಲ್ಲ, ಗೆರೆಯೇ ಹೇಳುತ್ತದೆ. ಪೆನ್ನಿನ ಹೊಟ್ಟೆಯನ್ನು ಸ್ವಲ್ಪ ದಪ್ಪವಿಟ್ಟು ಒಳ್ಳೆಯ ವಿನ್ಯಾಸವನ್ನು ಉಳಿಸಿಕೊಳ್ಳುವ ಈ ಸ್ವಾತಂತ್ರ್ಯಕ್ಕಾಗಿಯೇ ನಾನು ಅಂಗಡಿಯ ಪೆನ್ನು ಕೊಳ್ಳುವುದನ್ನು ಬಿಟ್ಟೆ.

ಇಷ್ಟು ಸುಖದ ನಡುವೆ ಆ ಮ್ಯಾಂಡ್ರೆಲ್ ಮಾಡಿದ ಹಾನಿ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಮಾರಾಟಗಾರರಿಗೆ ಬರೆದಾಗ ಬಿಡಿಭಾಗಗಳು ವಾರಂಟಿಗೆ ಸೇರಿಲ್ಲವೆಂಬ ಉತ್ತರ ಬಂತು, ಜೊತೆಗೆ ಇನ್ನೊಂದು ಮ್ಯಾಂಡ್ರೆಲ್ ಕೊಳ್ಳುವ ಸಲಹೆ. ದೋಷ ಯಂತ್ರದ್ದೋ ಸರಳಿನದೋ ಎಂದು ತಿಳಿಯುವ ದಾರಿ ಸರಳವಾಗಿದೆ: ಹೆಡ್‌ಸ್ಟಾಕ್ (ಮೋಟಾರು ತಿರುಗಿಸುವ ತುದಿ) ಮತ್ತು ಟೇಲ್‌ಸ್ಟಾಕ್ ಎರಡಕ್ಕೂ ಮೊನೆಯುಳ್ಳ ಸೆಂಟರ್ ಸಿಕ್ಕಿಸಿ, ಅವು ಒಂದಕ್ಕೊಂದು ತಾಗುವಂತೆ ಹತ್ತಿರ ತಂದು ನೋಡುವುದು. ನನ್ನ ಯಂತ್ರದಲ್ಲಿ ಎರಡೂ ಮೊನೆಗಳು ಮೇಲಿನಿಂದ ನೋಡಿದರೂ ಬದಿಯಿಂದ ನೋಡಿದರೂ ನೇರವಾಗಿ ಕೂಡಿದವು. ಯಂತ್ರ ನಿರ್ದೋಷಿ ಎಂದು ಖಚಿತವಾದ ಮೇಲೆ ಮ್ಯಾಂಡ್ರೆಲ್ ಬಿಟ್ಟು ಬೇರೆ ದಾರಿ ಹುಡುಕತೊಡಗಿದೆ.

ಪರಿಹಾರ ಸಿಕ್ಕಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ. ಕೈಗಾರಿಕೆಗಳಿಗೆ ಬೇಕಾದ ವಾಲ್ವ್ ತಯಾರಿಸುವ ಊರು ಅದು. ಲೋಹ ಕಡೆಯುವ ಕೈಗಳಿಗೆ ಅಲ್ಲಿ ಬರವಿಲ್ಲ. ಒಬ್ಬ ಟರ್ನರ್ ನನ್ನ ರೇಖಾಚಿತ್ರ ನೋಡಿ, ಹೆಡ್‌ಸ್ಟಾಕಿನ ಮೋರ್ಸ್ ಟೇಪರಿಗೆ (ಕ್ರಮೇಣ ಕಿರಿದಾಗುವ ರಂಧ್ರಕ್ಕೆ) ಹೊಂದುವ 60 ಡಿಗ್ರಿಯ ಒಂದು ಡೆಡ್ ಸೆಂಟರನ್ನೂ (ಬೇರಿಂಗ್ ಇಲ್ಲದ ಗಟ್ಟಿ ಮೊನೆ), ಒಂದು ಮಗ್ಗುಲು ಕೊಳವೆಯೊಳಗೆ ಕೂರುವ, ಇನ್ನೊಂದು ಮಗ್ಗುಲಿನಲ್ಲಿ 60 ಡಿಗ್ರಿಯ ಗುಳಿಯುಳ್ಳ ಬುಷಿಂಗ್ ಜೋಡಿಯನ್ನೂ ಮಾಡಿಕೊಟ್ಟರು. ಖರ್ಚು ಎರಡು ಪೆನ್ ಕಿಟ್ಟುಗಳಿಗಿಂತ (ಪೆನ್ನಿನ ಲೋಹದ ಭಾಗಗಳ ಕಟ್ಟು) ಕಡಿಮೆ. 60 ಡಿಗ್ರಿಯ ಒಂದು ಒಳ್ಳೆಯ ಲೈವ್ ಸೆಂಟರನ್ನು ಮಾತ್ರ ಹೊರಗಿನಿಂದ ತರಿಸಿಕೊಂಡೆ. ಈಗ ಸರಳೇ ಇಲ್ಲ. ಪೆನ್ನಿನ ಒಂದೊಂದೇ ತುಂಡು ಎರಡು ಸೆಂಟರುಗಳ ನಡುವೆ ನೇರವಾಗಿ ನಿಂತು ತಿರುಗುತ್ತದೆ, ಬಾಗಲು ಏನೂ ಉಳಿದಿಲ್ಲ. ಒಂದೇ ಬಾರಿಗೆ ಎರಡು ತುಂಡು ಕಡೆಯುವ ಅನುಕೂಲ ಹೋಯಿತು ಎಂಬುದು ನಿಜ, ಆದರೆ ಉಂಗುರದ ಸುತ್ತ ಬೆರಳಾಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಮರಳು ಕಾಗದ ಉಜ್ಜುವಾಗ ಬುಷಿಂಗುಗಳೂ ಸವೆಯುತ್ತವೆ, ಆದ್ದರಿಂದ ಅಂತಿಮ ಅಳತೆಗೆ ಬುಷಿಂಗನ್ನು ನಂಬದೆ ದಪ್ಪ ಅಳೆಯುವ ಕ್ಯಾಲಿಪರನ್ನು ನಂಬಬೇಕು.

ಮೋಟಾರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಸಂಜೆ ವೋಲ್ಟೇಜ್ ಕುಸಿದಾಗ ವೇಗ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಬೆಳಗಿನ ಹೊತ್ತು ಉತ್ತಮ. ಕಾರ್ಬನ್ ಬ್ರಷ್ ಒಮ್ಮೆ ಬದಲಿಸಿದ್ದೇನೆ. ಬೆಲ್ಟ್ ಇನ್ನೂ ಹಳೆಯದೇ.

ಪಾಲಿಶ್ ವಿಚಾರದಲ್ಲಿ ನನ್ನ ಮನಸ್ಸು ಮೊದಲು ಅರಗಿನ ಕಡೆಗಿತ್ತು. ನಮ್ಮ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ನೋಡಿ ಬೆಳೆದವರಿಗೆ ಅದರ ಹೊಳಪಿನ ಮೇಲೆ ಪ್ರೀತಿ ಇರುವುದು ಸಹಜ. ಆದರೆ ತೊಟ್ಟಿಲನ್ನು ಯಾರೂ ದಿನವಿಡೀ ಬೆವರಿನ ಕೈಯಲ್ಲಿ ಹಿಡಿಯುವುದಿಲ್ಲ. ಅರಗಿನ ಪದರ ಕೈಯ ಬಿಸಿಗೆ, ಬೆವರಿಗೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ, ಸ್ಯಾನಿಟೈಜರ್ ತಾಗಿದರೆ ಕರಗಿಯೇ ಹೋಗುತ್ತದೆ. ಸ್ಪಾಲ್ಟೆಡ್ ಕಟ್ಟಿಗೆಗೆ ಸೂಪರ್ ಗ್ಲೂವಿನ ತೆಳು ಪದರಗಳೇ ಸರಿ, ಅದು ಹೊಳಪನ್ನೂ ಕೊಡುತ್ತದೆ, ಮೆತ್ತಗಿನ ಭಾಗಕ್ಕೆ ಬಲವನ್ನೂ ಕೊಡುತ್ತದೆ. ಹತ್ತಿ ಬೆಳೆಯುವ ಸೀಮೆಯವರಿಗೆ ಒಂದು ಎಚ್ಚರಿಕೆ: ಅದನ್ನು ಸವರಲು ಹಳೆಯ ಹತ್ತಿ ಬಟ್ಟೆ ಬಳಸಬಾರದು. ಹತ್ತಿಗೆ ತಾಗಿದ ಸೂಪರ್ ಗ್ಲೂ ಥಟ್ಟನೆ ಕಾದು ಬೆರಳು ಸುಡುತ್ತದೆ, ಹೊಗೆಯೂ ಏಳುತ್ತದೆ. ಕಾಗದದ ಟಿಶ್ಯೂ ಸಾಕು.

ಧೂಳಿನ ವಿಷಯದಲ್ಲಿ ಈ ಯಂತ್ರ ಏನನ್ನೂ ಕೊಡುವುದಿಲ್ಲ. ಸಾಮಾನ್ಯ ಕಟ್ಟಿಗೆಯ ಧೂಳೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ; ಇಲ್ಲಿ ಅದರೊಂದಿಗೆ ಶಿಲೀಂಧ್ರವೂ ಬೆರೆತಿರುತ್ತದೆ. ಮಾವಿನ ಸೊನೆ ತಾಗಿ ಚರ್ಮ ತುರಿಸುವವರಿಗೆ ಅದರ ಧೂಳೂ ಆಗಿಬರದಿರಬಹುದು. ಎನ್95 ಮುಖಗವಸು ಮತ್ತು ಕಿಟಕಿಯ ಕಡೆಗೆ ಊದುವ ಒಂದು ಫ್ಯಾನಿನ ಖರ್ಚನ್ನು ಯಂತ್ರದ ಬೆಲೆಗೇ ಸೇರಿಸಿಕೊಳ್ಳಬೇಕು. ಅಸ್ತಮಾ ಇರುವವರು ಈ ಕಟ್ಟಿಗೆಯ ಗೊಡವೆಗೆ ಹೋಗದಿರುವುದೇ ಲೇಸು.

ನನ್ನ ಮಿತಿ 30,000 ರೂಪಾಯಿ ಇತ್ತು, ಈ ಯಂತ್ರ ಅದರೊಳಗೆ ಬಂತು. ನಾನು ಪೆನ್ನು ಮಾರುವುದಿಲ್ಲ. ಮದುವೆ, ನಿವೃತ್ತಿ, ಮಕ್ಕಳ ಪರೀಕ್ಷೆ ಎಂಬ ನೆವದಿಂದ ಕೊಟ್ಟುಬಿಡುತ್ತೇನೆ, ಆದ್ದರಿಂದ ಒಂದು ಪೆನ್ನಿಗೆ ಎಷ್ಟು ಗಂಟೆ ಹಿಡಿಯಿತು ಎಂಬ ಲೆಕ್ಕ ನನಗಿಲ್ಲ. ಮಾರಾಟಕ್ಕೆಂದು ಕಡೆಯುವವರು ಇದಕ್ಕಿಂತ ಭಾರವಾದ ಯಂತ್ರವನ್ನೇ ನೋಡಲಿ. ಮನೆಮಟ್ಟಿಗೆ ಕಡೆಯುವವರಿಗೆ ಇದನ್ನು ಐದಕ್ಕೆ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಕಳೆದ ಒಂದು ಅಂಕ ಪೂರ್ತಿಯಾಗಿ ಆ ಸರಳಿನ ಪಾಲಿನದು. ಮ್ಯಾಂಡ್ರೆಲ್ ಇಲ್ಲದ ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ಕೊಡುತ್ತಾರೆಯೇ ಎಂದು ಕೊಳ್ಳುವ ಮುನ್ನ ಮಾರಾಟಗಾರರನ್ನು ಕೇಳಿ ನೋಡಿ. ಕೊಟ್ಟರೆ ಉಳಿದ ಹಣದಲ್ಲಿ ಮೊದಲು ಲೈವ್ ಸೆಂಟರನ್ನು ಕೊಳ್ಳಿ.