ಕ್ಯಾಂಪರ್ ಬಾಡಿಗೆಗೆ ಹಿಡಿಯುವ ಮುಂಚೆ ಏಣಿ ಕೇಳಿ

ಯುರೋಪಿನಲ್ಲಿರುವ ನಮ್ಮವರಲ್ಲಿ ಬೇಸಿಗೆ ರಜೆ ಬಂತೆಂದರೆ ಈಗ ಒಂದೇ ಮಾತು. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಕ್ಕಳಿಗೆ ಸ್ಕೂಲ್ ಇಲ್ಲ, ಒಂದು ದೊಡ್ಡ ಕ್ಯಾಂಪರ್ ಹಿಡಿದು ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸುತ್ತಿಬಿಡೋಣ ಅಂತ. ಅಡುಗೆ ಗಾಡಿಯಲ್ಲೇ, ಮಲಗುವುದೂ ಗಾಡಿಯಲ್ಲೇ, ಹೋಟೆಲ್ ಖರ್ಚಿಲ್ಲ. ನಾವೂ ಹಾಗೇ ಹೊರಟೆವು. ನಾರ್ವೆ ಚೆನ್ನಾಗಿಲ್ಲ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾರ್ವೆ ತುಂಬಾ ಚೆನ್ನಾಗಿದೆ. ಬಾಡಿಗೆ ಕೊಟ್ಟವರು ನಮಗೆ ಏನೇನು ಹೇಳಲಿಲ್ಲ, ಅದರಿಂದ ಮಕ್ಕಳಿಗೂ ವಯಸ್ಸಾದವರಿಗೂ ಏನೇನು ತೊಂದರೆಯಾಯಿತು ಅನ್ನುವುದಷ್ಟೇ ಇಲ್ಲಿರುವುದು. ಕಂಪನಿಯ ಹೆಸರು ಹಾಕುವುದಿಲ್ಲ. ಆಮೇಲೆ ನಾಲ್ಕಾರು ಕಡೆ ವಿಚಾರಿಸಿದಾಗ ಇಂಥ ಅಗ್ರಿಮೆಂಟ್ ಮಾಡಿಸಿಕೊಳ್ಳುವವರು ಅವರೊಬ್ಬರೇ ಅಲ್ಲ ಅಂತ ಗೊತ್ತಾಯಿತು.

ನಾವಿರುವುದು ಹ್ಯಾಂಬರ್ಗ್‌ನಲ್ಲಿ. ನಾವಿಬ್ಬರು, ತುಮಕೂರಿನಿಂದ ಬಂದಿದ್ದ ಅತ್ತೆ ಮಾವ, ಆರು ವರ್ಷದ ಮಗಳು, ಮೂರು ವರ್ಷದ ಮಗ. ನಾರ್ವೆಯಲ್ಲಿ ಬಾಡಿಗೆ ವಿಪರೀತ ಅಂತ ಇಲ್ಲೇ ಗಾಡಿ ಬುಕ್ ಮಾಡಿದೆವು. 'ಆರು ಜನರಿಗೆ' ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಫೋಟೋದಲ್ಲಿ ಡ್ರೈವರ್ ಸೀಟಿನ ಮೇಲೊಂದು ಡಬಲ್ ಹಾಸಿಗೆ, ಹಿಂದೊಂದು, ಊಟದ ಟೇಬಲ್ ಇಳಿಸಿದರೆ ಇನ್ನೊಂದು. ಚೆಂದದ ದಿಂಬು, ಕಿಟಕಿಯಾಚೆ ಸರೋವರ.

ಆರು ಹಾಸಿಗೆ ಸರಿ. ಕೂರುವುದು ಎಲ್ಲಿ? ಗಾಡಿ ತೆಗೆದುಕೊಳ್ಳಲು ಹೋದ ದಿನವೇ ಇದು ಗೊತ್ತಾಗಿದ್ದು. ಮುಂದೆ ಡ್ರೈವರ್ ಸೇರಿ ಇಬ್ಬರು. ಹಿಂದೆ ಟೇಬಲ್ಲಿನ ಆಚೆ ಈಚೆ ಎರಡೆರಡು ಸೀಟು, ರೈಲಿನಲ್ಲಿ ಇರುತ್ತಲ್ಲ ಹಾಗೆ ಎದುರು ಬದುರು. ಮುಂದಕ್ಕೆ ಮುಖವಿರುವ ಎರಡು ಸೀಟಿಗೆ ಮಾತ್ರ ಭುಜದ ಮೇಲಿಂದ ಬರುವ ಪೂರ್ತಿ ಬೆಲ್ಟ್. ಹಿಂದಕ್ಕೆ ಮುಖವಿರುವ ಎರಡಕ್ಕೆ ಬರೀ ಸೊಂಟದ ಪಟ್ಟಿ. ಮಕ್ಕಳ ಸೀಟನ್ನು ಸಾಮಾನ್ಯವಾಗಿ ಸೊಂಟದ ಪಟ್ಟಿಗೆ ಕಟ್ಟಲು ಬರುವುದಿಲ್ಲ. ಹಾಗಾಗಿ ಇದ್ದ ಎರಡು ಒಳ್ಳೆಯ ಸೀಟು ಮಕ್ಕಳಿಗೆ ಹೋಯಿತು. ಎಪ್ಪತ್ತರ ಹತ್ತಿರದ ಅತ್ತೆ ಮಾವ ಅಷ್ಟೂ ದಾರಿ ಬೆನ್ನು ಮುಂದೆ ಮಾಡಿಕೊಂಡು ಹೋಗಬೇಕಾಯಿತು. ಅತ್ತೆಗೆ ಮೊದಲೇ ಬಸ್ ಆಗುವುದಿಲ್ಲ. ಗಾಡಿ ಹ್ಯಾಂಬರ್ಗ್ ದಾಟುವ ಮುಂಚೆಯೇ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡರು. ಎದುರಿಗೆ ಕೂತ ಮಗ, "ಅಜ್ಜಿ ಯಾಕೆ ಉಲ್ಟಾ ಹೋಗ್ತಾ ಇದಾರೆ?" ಅಂತ ಗಂಟೆಗೊಂದು ಸಲ ಕೇಳುತ್ತಿದ್ದ.

ನಮ್ಮ ಕಾರಿನಲ್ಲಿರುವುದು ಐಸೋಫಿಕ್ಸ್ ಸೀಟು, ಅಂದರೆ ಗಾಡಿಯ ಸೀಟಿನಲ್ಲಿರುವ ಕೊಂಡಿಗೆ ಸಿಕ್ಕಿಸುವ ಮಕ್ಕಳ ಸೀಟು. ಅದು ಅಲ್ಲಿ ಕೂರಲೇ ಇಲ್ಲ, ಕೊಂಡಿಯೇ ಇರಲಿಲ್ಲ. ಕೇಳಿದರೆ, "ಈ ಮಾಡೆಲ್‌ಗೆ ಬರುವುದಿಲ್ಲ, ಬೆಲ್ಟ್‌ಗೆ ಕಟ್ಟುವ ಸೀಟು ನಮ್ಮಲ್ಲಿ ಬಾಡಿಗೆಗೆ ಸಿಗುತ್ತೆ" ಅಂದರು. ಬುಕಿಂಗ್ ಫಾರ್ಮಿನಲ್ಲಿ ಮಕ್ಕಳ ವಯಸ್ಸು ಬರೆಸಿಕೊಂಡಿದ್ದರು. ಅವತ್ತೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರರಲ್ಲೂ 135 ಸೆಂ.ಮೀ. ಎತ್ತರ ಆಗುವವರೆಗೆ ಮಕ್ಕಳಿಗೆ ಅವರ ಸೀಟೇ ಬೇಕು. ಜರ್ಮನಿಯಲ್ಲಿ 150 ಸೆಂ.ಮೀ. ಅಥವಾ ಹನ್ನೆರಡು ವರ್ಷ. ಗಾಡಿ ಓಡುವಾಗ ಮಗುವನ್ನು ಹಾಸಿಗೆ ಮೇಲೆ ಮಲಗಿಸಿಕೊಂಡು ಹೋಗುವ ಮಾತೇ ಇಲ್ಲ. ಊರಿನಿಂದ ಬಂದವರಿಗೆ ಇದನ್ನು ಒಪ್ಪಿಸುವುದು ಸ್ವಲ್ಪ ಕಷ್ಟ. "ಇಷ್ಟು ದೊಡ್ಡ ಹಾಸಿಗೆ ಖಾಲಿ ಇದೆ, ಕೂಸನ್ನ ಯಾಕೆ ಹೀಗೆ ಕಟ್ಟಿಹಾಕ್ತೀಯ" ಅಂತ ಅತ್ತೆ ಬೇಜಾರು ಮಾಡಿಕೊಂಡರು.

ಇನ್ನು ತೂಕ. ಮಾಮೂಲಿ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ್ದು 3,500 ಕೆ.ಜಿ. ಮಿತಿಯ ಗಾಡಿ. ಮಾವ ಬ್ಯಾಂಕಿನಲ್ಲಿದ್ದವರು, ಗಾಡಿಯ ಕಾಗದ ಕೈಗೆ ತೆಗೆದುಕೊಂಡು ಲೆಕ್ಕ ಹಾಕಿದರು. ಗಾಡಿಯದ್ದೇ 3,100ರ ಹತ್ತಿರ. ಉಳಿದದ್ದು ಸುಮಾರು 400. ಅದರಲ್ಲಿ ಜನ, ಬಟ್ಟೆ, ಬೇಳೆ, ಕುಕ್ಕರ್ ಎಲ್ಲ ಬರಬೇಕು. ನೀರಿನ ಟ್ಯಾಂಕ್ ತುಂಬಿಸಿದರೆ 100 ಲೀಟರ್, ಅಂದರೆ ಅದೇ ಒಂದು ಕ್ವಿಂಟಾಲ್. ಆರು ಜನಕ್ಕೆ ಅಂತ ಮಾರುವ ಗಾಡಿಯಲ್ಲಿ ಆರು ಜನ ಸಾಮಾನು ಸಮೇತ ಕೂತರೆ ತೂಕ ಮೀರುತ್ತದೆ. ಪೊಲೀಸರು ದಾರಿಯಲ್ಲಿ ನಿಲ್ಲಿಸಿ ತೂಗಿದರೆ ದಂಡ ಕಟ್ಟುವುದು ಓಡಿಸುವವರು, ಬಾಡಿಗೆ ಕೊಟ್ಟವರಲ್ಲ. ಸೋನಾ ಮಸೂರಿ ಚೀಲ, ಮಗಳ ಸೈಕಲ್, ಮಡಚುವ ಕುರ್ಚಿಗಳು ವಾಪಸ್ ಮನೆ ಸೇರಿದವು. ನೀರು ಅರ್ಧ ಟ್ಯಾಂಕ್ ಸಾಕು ಅಂತಾಯಿತು. ಮಗಳು ಸೈಕಲ್‌ಗಾಗಿ ರಂಪ ಮಾಡಿದಳು. ಅದು ಬೇರೆ ಕಥೆ.

ಈಗ ಏಣಿಯ ವಿಷಯ. ಗಾಡಿ ಒಪ್ಪಿಸುವ ದಿನ ಶನಿವಾರ, ಹಿಂದೆ ಕ್ಯೂ. ಹುಡುಗನೊಬ್ಬ ಹತ್ತು ಹದಿನೈದು ನಿಮಿಷದಲ್ಲಿ ಹೀಟರ್, ಫ್ರಿಜ್, ಟಾಯ್ಲೆಟ್ ಎಲ್ಲ ತೋರಿಸಿಬಿಟ್ಟ. ಮನೆಯವರು ಗಾಡಿಯ ಸುತ್ತ ವಿಡಿಯೋ ತೆಗೆದರು. "ಮೇಲೆ ನೋಡಬೇಕು, ಒಂದು ಏಣಿ ಇದೆಯಾ?" ಅಂತ ಕೇಳಿದರು. "ಮೇಲೆ ಯಾರೂ ನೋಡೋದಿಲ್ಲ, ಚಿಂತೆ ಮಾಡಬೇಡಿ" ಅಂದ ಹುಡುಗ. ಸಹಿ ಹಾಕಬೇಕಾದ ಹಾಳೆಯಲ್ಲಿ 'ಛಾವಣಿ: ಸರಿಯಿದೆ' ಅನ್ನುವ ಜಾಗದಲ್ಲಿ ಟಿಕ್ ಗುರುತು ಮೊದಲೇ ಪ್ರಿಂಟ್ ಆಗಿ ಬಂದಿತ್ತು. ಪೆನ್ನಿನಲ್ಲಿ ಹಾಕಿದ್ದಲ್ಲ, ಪ್ರಿಂಟ್. ಮನೆಯವರು ಪಕ್ಕದಲ್ಲಿ 'ನೋಡಿಲ್ಲ, ಏಣಿ ಕೊಡಲಿಲ್ಲ' ಅಂತ ಬರೆದೇ ಸಹಿ ಹಾಕಿದರು. ಹುಡುಗನ ಮುಖ ಸಣ್ಣದಾಯಿತು.

ಆ ಗಾಡಿಯ ಜೊತೆ ಒಂದು ಕರಪತ್ರ ಕೊಟ್ಟಿದ್ದರು. 'ಸ್ಕ್ಯಾಂಡಿನೇವಿಯಾದಲ್ಲಿ ಎಲ್ಲಿ ಬೇಕಾದರೂ ರಾತ್ರಿ ತಂಗಿ, ಪ್ರಕೃತಿ ಎಲ್ಲರದ್ದು' ಅಂತ. ಜರ್ಮನಿಯ ಪುಟ್‌ಗಾರ್ಡನ್‌ನಲ್ಲಿ ಹಡಗು ಹತ್ತಿ, ಮುಕ್ಕಾಲು ಗಂಟೆಯಲ್ಲಿ ಡೆನ್ಮಾರ್ಕಿನ ರೋಡ್‌ಬ್ಯು ಸೇರಿ, ಒಂದು ಬೀಚಿನ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿದೆವು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರು. ಟಾರ್ಚ್ ಹಿಡಿದ ಒಬ್ಬ ವಯಸ್ಸಾದ ಮನುಷ್ಯ, ಬಹಳ ಮರ್ಯಾದೆಯಿಂದಲೇ ಬೋರ್ಡ್ ತೋರಿಸಿದ. ಇಲ್ಲಿ ರಾತ್ರಿ ಮಲಗುವ ಹಾಗಿಲ್ಲ. ಗಾಢ ನಿದ್ದೆಯಲ್ಲಿದ್ದ ಇಬ್ಬರು ಮಕ್ಕಳನ್ನು ಮೇಲಿನ ಹಾಸಿಗೆಯಿಂದ ಇಳಿಸಿ, ಸೀಟಿಗೆ ಕಟ್ಟಿ, ಅವರ ಅಳು ಕೇಳಿಕೊಂಡು ಕ್ಯಾಂಪ್‌ಸೈಟ್ ಹುಡುಕಿದೆವು. ಅಲ್ಲಿ ಆಫೀಸು ಮುಚ್ಚಿತ್ತು, ಗೇಟಿನ ಹೊರಗೆ ಬೆಳಗು ಮಾಡಿದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇದೇ ತಪ್ಪು ಮಾಹಿತಿ ಓಡಾಡುತ್ತದೆ. ಕಾಡು ಬಯಲಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಟೆಂಟ್ ಹಾಕಬಹುದು ಅನ್ನುವ ಹಕ್ಕು ಸ್ವೀಡನ್‌ನಲ್ಲಿ, ನಾರ್ವೆಯಲ್ಲಿ ಇದೆ. ನಾರ್ವೆಯಲ್ಲಿ ಅದಕ್ಕೆ 1957ರ ಕಾನೂನೇ ಇದೆ. ವಾಸದ ಮನೆಯಿಂದ 150 ಮೀಟರ್ ದೂರ ಇರಬೇಕು, ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎರಡು ರಾತ್ರಿ. ಆದರೆ ಅದು ನಡೆದುಕೊಂಡು ಹೋಗಿ ಟೆಂಟ್ ಹಾಕುವವರಿಗೆ. ಎರಡೂ ದೇಶಗಳಲ್ಲಿ ರಸ್ತೆ ಬಿಟ್ಟು ಹುಲ್ಲಿಗೆ, ಕಾಡಿಗೆ ಗಾಡಿ ಇಳಿಸುವುದು ನಿಷಿದ್ಧ. ಗಾಡಿಗೆ ರಸ್ತೆಯ ನಿಯಮ, ಪಾರ್ಕಿಂಗ್ ಬೋರ್ಡಿನ ನಿಯಮ ಅಷ್ಟೇ. ಡೆನ್ಮಾರ್ಕಿನಲ್ಲಂತೂ ಈ ಹಕ್ಕೇ ಇಲ್ಲ. ಇನ್ನೊಂದು: ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಾಗಲಿ ಅದರ ಹತ್ತಿರವಾಗಲಿ ಬೆಂಕಿ ಹಾಕುವ ಹಾಗಿಲ್ಲ. ಮಕ್ಕಳಿಗೆ ಕ್ಯಾಂಪ್‌ಫೈರ್ ಆಸೆ ಹುಟ್ಟಿಸಬೇಡಿ.

ಡೆನ್ಮಾರ್ಕಿನಿಂದ ಸ್ವೀಡನ್‌ಗೆ ಹೋಗುವ ಓರೆಸುಂಡ್ ಸೇತುವೆಯಲ್ಲಿ 6 ಮೀಟರ್ ಮೀರಿದ ಗಾಡಿಗೆ ಟೋಲ್ ಕಾರಿನ ಹತ್ತಿರ ಹತ್ತಿರ ಎರಡರಷ್ಟು. ನಮ್ಮದು 7ಕ್ಕೆ ಸ್ವಲ್ಪ ಕಡಿಮೆ. ಕಟ್ಟಿದೆವು. ಸ್ವೀಡನ್‌ನಲ್ಲಿ ಹೇಳುವಂಥ ತೊಂದರೆ ಏನೂ ಆಗಲಿಲ್ಲ. ಹುಲ್ಲಿನಲ್ಲಿ ಆಡಿದ ಮೇಲೆ ಮಕ್ಕಳ ಮೈಮೇಲೆ ಉಣ್ಣಿ ಇದೆಯಾ ನೋಡಿ. ಅದರಿಂದ ಬರುವ ಮಿದುಳಿನ ಜ್ವರಕ್ಕೆ ಲಸಿಕೆ ಇದೆ, ಆದರೆ ಒಂದೇ ಡೋಸಿಗೆ ಮುಗಿಯುವುದಿಲ್ಲ, ತಿಂಗಳುಗಳ ಮುಂಚೆಯೇ ಡಾಕ್ಟರನ್ನು ಕೇಳಬೇಕು.

ನಾರ್ವೆಯಲ್ಲಿ ಗ್ಯಾಸ್ ಖಾಲಿಯಾಯಿತು. 'ಎರಡು ಸಿಲಿಂಡರ್ ತುಂಬಿ ಕೊಡುತ್ತೇವೆ' ಅಂತ ಅಗ್ರಿಮೆಂಟ್‌ನಲ್ಲಿ ಇತ್ತು. ಮೊದಲನೆಯದು ಮುಗಿದು ಎರಡನೆಯದಕ್ಕೆ ತಿರುಗಿಸಿದರೆ ಅದು ಎತ್ತಿದರೇ ಹಗುರ. ಲೋಮ್ ಅನ್ನುವ ಊರಿನ ಹತ್ತಿರ, ಭಾನುವಾರ. ನಾರ್ವೆಯಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ. ಫೋನ್ ಮಾಡಿದರೆ ಕಂಪನಿಯವರು "ಅಲ್ಲೇ ಬದಲಾಯಿಸಿಕೊಳ್ಳಿ, ಬಿಲ್ ತನ್ನಿ" ಅಂದರು. ಸೋಮವಾರ ಹೋದರೆ, ಜರ್ಮನಿಯ ಸಿಲಿಂಡರನ್ನು ಅಲ್ಲಿ ಬದಲಾಯಿಸಿ ಕೊಡುವುದೇ ಇಲ್ಲ. ಅವರ ಸಿಲಿಂಡರ್ ಬೇರೆ, ಅದರ ಬಾಯಿ ಬೇರೆ, ಸೇರಿಸಲು ಬೇರೆ ಅಡಾಪ್ಟರ್ ಬೇಕು. ಬಾಡಿಗೆ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಗ್ಯಾಸ್ ಇಲ್ಲದಿದ್ದರೆ ಒಲೆ ಅಷ್ಟೇ ಅಲ್ಲ, ಗಾಡಿ ನಿಂತಾಗ ಕರೆಂಟ್ ಸಿಗದ ಕಡೆ ಫ್ರಿಜ್ಜೂ ಬಂದ್. ಮಗನ ಹಾಲು ಒಡೆಯಿತು.

ಅಲ್ಲಿಂದ ಮುಂದೆ ಪ್ರತಿ ರಾತ್ರಿ ಕರೆಂಟ್ ಇರುವ ಕ್ಯಾಂಪ್‌ಸೈಟೇ ಗತಿ. ಆದರೆ ಅದರಿಂದ ಒಳ್ಳೆಯದೂ ಆಯಿತು ಅನ್ನಬೇಕು. ಅಲ್ಲಿನ ಕ್ಯಾಂಪ್‌ಸೈಟುಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಒಂದು ಅಡುಗೆಮನೆ ಇರುತ್ತದೆ. ಅತ್ತೆ ಆ ಕರೆಂಟ್ ಒಲೆಯ ಮುಂದೆ ನಿಂತು ಉಪ್ಪಿಟ್ಟು ಕೆದಕಿದರೆ, ಪಕ್ಕದಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದ ಡಚ್ ಹೆಂಗಸು ಒಗ್ಗರಣೆಯ ಘಾಟಿಗೆ ಕೆಮ್ಮುತ್ತಲೇ ತಟ್ಟೆ ಚಾಚಿದಳು. ಸ್ನಾನಕ್ಕೆ ಕೆಲವು ಕಡೆ ನಾಣ್ಯ ಅಥವಾ ಟೋಕನ್ ಹಾಕಬೇಕು, ನಿಮಿಷದ ಲೆಕ್ಕ. ಮಗನ ತಲೆಗೆ ಶಾಂಪೂ ಹಚ್ಚಿದಾಗಲೇ ನೀರು ನಿಂತುಹೋಗುತ್ತದೆ, ಕೈಯಲ್ಲಿ ಇನ್ನೊಂದು ಟೋಕನ್ ಇಟ್ಟುಕೊಂಡೇ ಒಳಗೆ ಹೋಗಿ.

ಟಾಯ್ಲೆಟ್ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಕೆಳಗಿನ ಡಬ್ಬಿ ಹಿಡಿಯುವುದು 20 ಲೀಟರಿನ ಆಸುಪಾಸು. ನಾವು ನೀರು ಬಳಸುವ ಜನ. ಆರು ಜನಕ್ಕೆ ಅದು ಒಂದು ದಿನವೂ ಬರುವುದಿಲ್ಲ. ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಖಾಲಿ ಮಾಡಬೇಕು. ವಾಪಸ್ ಕೊಡುವಾಗ ಒಳಗೆ ಏನಾದರೂ ಉಳಿದಿದ್ದರೆ ಅದಕ್ಕೆ ಬೇರೆ ದುಡ್ಡು, ಅದೂ ಕಡಿಮೆ ಅಲ್ಲ.

ದೂರವನ್ನು ಮ್ಯಾಪಿನ ಕಿಲೋಮೀಟರ್ ನೋಡಿ ಅಳೆಯಬೇಡಿ. ನಾರ್ವೆಯಲ್ಲಿ ಊರ ಹೊರಗಿನ ಮಾಮೂಲಿ ಮಿತಿ 80, ಅದನ್ನು ಮುಟ್ಟುವುದೂ ಅಪರೂಪ. ಓಸ್ಲೋದಿಂದ ಬರ್ಗನ್‌ಗೆ ಸುಮಾರು 460 ಕಿ.ಮೀ., ಕಾರಿನಲ್ಲಿ ನಿಲ್ಲದೆ ಹೋದರೂ 7 ಗಂಟೆ. ಮಕ್ಕಳು, ವಾಂತಿ, ಊಟ ಸೇರಿದರೆ ಅದು ಎರಡು ದಿನದ ದಾರಿ. ನಾವು ಬರ್ಗನ್ ಕೈಬಿಟ್ಟೆವು. ಗೈರಾಂಗರ್‌ಗೆ ಇಳಿಯುವ ತಿರುವುಗಳಲ್ಲಿ ಎದುರಿಗೆ ಟೂರಿಸ್ಟ್ ಬಸ್ ಬಂದಾಗ ಮನೆಯವರು ಗಾಡಿ ಹಿಂದಕ್ಕೆ ತೆಗೆದರು, ಹಿಂಬದಿಯ ಮೂಲೆ ಬಂಡೆಗೆ ಉಜ್ಜಿತು. ಅಂಗೈ ಉದ್ದದ ಗೀರು. ಇದು ನಮ್ಮಿಂದ ಆದದ್ದು, ಅದರ ದುಡ್ಡು ಕೊಡಲು ತಯಾರಿದ್ದೆವು.

ಹ್ಯಾಂಬರ್ಗ್‌ಗೆ ವಾಪಸ್ ಬಂದು ಗಾಡಿ ಒಪ್ಪಿಸಿದರೆ, ಬೇರೆ ಒಬ್ಬ ಬಂದ. ಮೂಲೆಯ ಗೀರು ಬರೆದುಕೊಂಡ. ಆಮೇಲೆ ಒಳಗೆ ಹೋಗಿ ಏಣಿ ತಂದ! ಮೇಲೆ ಹತ್ತಿ, ಬೆಳಕಿಗೆ ಅಂತ ಇರುವ ಪ್ಲಾಸ್ಟಿಕ್ ಕಿಂಡಿ ಬಿರುಕು ಬಿಟ್ಟಿದೆ ಅಂದ. ಕೊಂಬೆ ತಾಗಿರಬೇಕು ಅಂದ. ಮನೆಯವರೂ ಅದೇ ಏಣಿ ಹತ್ತಿದರು. ಬಿರುಕಿನ ಉದ್ದಕ್ಕೂ ಒಳಗೆ ಕಪ್ಪು ಕೊಳೆ ಕೂತಿತ್ತು, ಒಂದು ತುದಿಯಲ್ಲಿ ಹಸಿರು ಪಾಚಿ. ಎರಡು ವಾರದ ಹಿಂದಿನ ಬಿರುಕಿನಲ್ಲಿ ಪಾಚಿ ಬೆಳೆಯುತ್ತಾ? ಹತ್ತಿರದಿಂದ ಫೋಟೋ ತೆಗೆದರು.

ಅಗ್ರಿಮೆಂಟಿನ ಇನ್ನೊಂದು ಸಾಲು ಆಗ ಕೆಲಸಕ್ಕೆ ಬಂತು, ಅವರ ಕೆಲಸಕ್ಕೆ. ಡೆಪಾಸಿಟ್ 1,500 ಯೂರೋ ಅಂದರೆ ನಾವು ಕಳೆದುಕೊಳ್ಳಬಹುದಾದ ಗರಿಷ್ಠ ಮೊತ್ತ ಅದೇ ಅಂತ ಅರ್ಥ ಅಲ್ಲ. ಅದು ಒಂದೊಂದು ಹಾನಿಗೆ. ಎರಡು ಹಾನಿಯಾದರೆ ಎರಡು ಸಲ. ಮೇಲಾಗಿ ಛಾವಣಿ, ಗಾಡಿಯ ತಳ, ಒಳಗಿನ ಸಾಮಾನು ಇನ್ಶೂರೆನ್ಸಿಗೆ ಬರುವುದೇ ಇಲ್ಲ. ಡೆಪಾಸಿಟ್ ಪೂರ್ತಿ ಹಿಡಿದುಕೊಂಡು ಕಿಂಡಿಗೆ ಬೇರೆ ಬಿಲ್ ಕಳಿಸಿದರು. ಜರ್ಮನಿಯಲ್ಲಿ ಗ್ರಾಹಕರಿಗೆ ಸಲಹೆ ಕೊಡುವ ಫೆರ್ಬ್ರೌಖರ್‌ತ್ಸೆಂಟ್ರಾಲೆಯಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆವು. 'ಏಣಿ ಕೊಡಲಿಲ್ಲ' ಅಂತ ಬರೆದಿದ್ದ ಆ ಹಾಳೆ, ಪಾಚಿಯ ಫೋಟೋ, ಎರಡನ್ನೂ ಇಟ್ಟು ಕಾಗದ ಬರೆದೆವು. ಕಿಂಡಿಯ ಬಿಲ್ ಬಿಟ್ಟುಬಿಟ್ಟರು. ಡೆಪಾಸಿಟ್ಟಿನಲ್ಲಿ ಸ್ವಲ್ಪ ವಾಪಸ್ ಬಂತು. ಗ್ಯಾಸಿನ ಬಗ್ಗೆ ಉತ್ತರವೇ ಇಲ್ಲ.

ನೀವು ಬುಕ್ ಮಾಡುವುದಾದರೆ ಫೋನಿನಲ್ಲಿ ಕೇಳಬೇಡಿ, ಈಮೇಲ್‌ನಲ್ಲಿ ಬರೆದು ಉತ್ತರ ತರಿಸಿಕೊಳ್ಳಿ. ಪೂರ್ತಿ ಬೆಲ್ಟ್ ಇರುವ, ಮುಂದಕ್ಕೆ ಮುಖವಿರುವ ಸೀಟು ಎಷ್ಟು? ಐಸೋಫಿಕ್ಸ್ ಯಾವ ಸೀಟಿಗೆ? ಖಾಲಿ ಗಾಡಿಯ ತೂಕ ಎಷ್ಟು? ಡೆಪಾಸಿಟ್ ಒಟ್ಟಿಗೋ, ಪ್ರತಿ ಹಾನಿಗೋ? ಆ ದೇಶದ ಸಿಲಿಂಡರ್ ಕೂರಿಸುವ ಅಡಾಪ್ಟರ್ ಗಾಡಿಯಲ್ಲಿದೆಯಾ? ಉತ್ತರ ಕೊಡಲು ಸತಾಯಿಸಿದರೆ ಬೇರೆಯವರನ್ನು ನೋಡಿ. ಅತ್ತೆ ಮಾವ ಜೊತೆಗಿದ್ದರೆ ನಾನಂತೂ ಇನ್ನು ಕಾರಿನಲ್ಲಿ ಹೋಗಿ ಕ್ಯಾಂಪ್‌ಸೈಟಿನ ಮರದ ಮನೆಯಲ್ಲೇ ಇಳಿದುಕೊಳ್ಳುವುದು. ಹ್ಯುಟ್ಟೆ ಅನ್ನುತ್ತಾರೆ, ಮಂಚ, ಒಲೆ ಇರುತ್ತದೆ, ಹೊದಿಕೆ ನಾವು ಒಯ್ಯಬೇಕು.

ನಾರ್ವೆಯ ಟೋಲ್‌ಗಳಲ್ಲಿ ಗೇಟ್ ಇರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಬಿಲ್ ಹೋಗುವುದು ಗಾಡಿಯ ಮಾಲೀಕರಿಗೆ, ಅವರು ಅದರ ಮೇಲೆ ತಮ್ಮ ಸರ್ವಿಸ್ ಚಾರ್ಜ್ ಹಾಕಿ ನಮಗೆ ಕಳಿಸುತ್ತಾರೆ. ಎಲ್ಲ ಮುಗಿಯಿತು ಅಂತ ಫೈಲ್ ಎತ್ತಿಟ್ಟ ಮೇಲೆ, ಅತ್ತೆ ಮಾವ ತುಮಕೂರಿಗೆ ಹೋಗಿ ದೀಪಾವಳಿಯೂ ಕಳೆದ ಮೇಲೆ, ಆ ಬಿಲ್ ಬಂತು. ಒಂದೊಂದು ಟೋಲನ್ನೂ ನಮ್ಮ ದಾರಿಯ ಜೊತೆ ಹೋಲಿಸಿ ನೋಡಿದೆವು. ಸರಿಯಾಗಿತ್ತು. ಕಟ್ಟಿದೆವು.